ಅಟ್ಟದ ಮೇಲಿನ ಕ್ಯಾಸೆಟ್ ಪೆಟ್ಟಿಗೆ: ನಿಮ್ಮ ಹದಿಹರೆಯದ ಹಾಡುಗಳು ಯಾವ ದಾರಿಯಲ್ಲಿ ಬಂದವು?

ನೀರ್ಚಾಲಿನವ

ಕಳೆದ ವಾರ ಮನೆಯ ಅಟ್ಟ ಗುಡಿಸುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ 43 ಕ್ಯಾಸೆಟ್. ಅರ್ಧಕ್ಕರ್ಧ ಬೂಷ್ಟು ಹಿಡಿದಿತ್ತು. ನಮ್ಮ ಕಾಸರಗೋಡು ಕಡೆಯ (ಕೇರಳದ ಗಡಿಯಲ್ಲಿರುವ ಕನ್ನಡದ ಸೀಮೆ) ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿ ಹುಡಿ ಕೂರುತ್ತದೆ, ಗೊತ್ತಲ್ವಾ. ಏಣಿಯ ಬುಡದಲ್ಲೇ ಕೂತು ಒಂದೊಂದರ ಮೇಲಿನ ಕೈಬರಹ ಓದತೊಡಗಿದೆ. ಮಗಳು ಬಂದು ನೋಡಿ ಕೇಳಿದಳು: "ಅಪ್ಪ, ನೀವು ಯಾವಾಗಲೂ ಅದೇ ಹತ್ತು ವರ್ಷದ ಹಾಡು ಕೇಳುವುದು ಎಂತಕ್ಕೆ?"

ಅವಳಿಗೆ 17. ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಒಂದು ಹಾಳೆ ತೆಗೆದುಕೊಂಡು, ತೋಟದಲ್ಲೋ ಬಚ್ಚಲಲ್ಲೋ ನಾನು ಸುಮ್ನೆ ಗುನುಗುವ ಹಾಡುಗಳನ್ನೆಲ್ಲ ಬರೆದೆ. 61 ಆಯಿತು. ಅದರಲ್ಲಿ 44 ಹಾಡುಗಳನ್ನು ನಾನು ಮೊದಲು ಕೇಳಿದ್ದು 1983ರಿಂದ 1990ರ ಒಳಗೆ. ನಾನು ಹುಟ್ಟಿದ್ದು 1971. ಲೆಕ್ಕ ಹಾಕಿದರೆ 12ರಿಂದ 19 ವಯಸ್ಸು. ಮಗಳ ಮಾತು ಸರಿಯೇ.

ಆದರೆ ಹಾಳೆಯನ್ನು ಮತ್ತೆ ನೋಡಿದಾಗ ಬೇರೊಂದು ವಿಷಯ ಕಂಡಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ರಾಜನ್–ನಾಗೇಂದ್ರರ ಹಾಡಿನ ಕೆಳಗೆ ಮಲಯಾಳ ಸಿನಿಮಾ ಸಂಗೀತದ ಜಾನ್ಸನ್, ಅದರ ಕೆಳಗೆ ಒಂದು ಮಾಪಿಳ್ಳೆ ಹಾಡು (ಮಲಬಾರಿನ ಮುಸ್ಲಿಮರ ಹಾಡು), ಅದರ ಕೆಳಗೆ ಯಕ್ಷಗಾನದ ಪದ, ಆಮೇಲೆ ಹಂಸಲೇಖ. 1987ರಲ್ಲಿ ನನಗೆ 16. ಆ ವರ್ಷ ಹಂಸಲೇಖರ ಹಾಡು ಕೇಳದ ಕನ್ನಡದ ಮನೆ ಇರಲಿಲ್ಲ. ಅದೇ ವರ್ಷ ಬೆಂಗಳೂರಲ್ಲಿ 16 ತುಂಬಿದವನ ಪಟ್ಟಿಯಲ್ಲೂ ಅವು ಇರುತ್ತವೆ. ಆದರೆ ಅವನ ಪಟ್ಟಿಯಲ್ಲಿ ಜಾನ್ಸನ್ ಇರುವುದು ಕಷ್ಟ. ನನ್ನಷ್ಟೇ ವಯಸ್ಸಿನ ಕಣ್ಣೂರಿನವನ ಪಟ್ಟಿಯಲ್ಲಿ ಯಕ್ಷಗಾನ ಇರಲಿಕ್ಕಿಲ್ಲ.

ನನ್ನ ಮನೆಗೆ ಹಾಡು ಬಂದ ದಾರಿಗಳು ಇವು. ಬೆಳಿಗ್ಗೆ ಮಂಗಳೂರು ಆಕಾಶವಾಣಿ, ಅಮ್ಮ ದೋಸೆ ಹೊಯ್ಯುವ ಹೊತ್ತು. ಮಧ್ಯಾಹ್ನ ಶಾಲೆಯಿಂದ ಬರುವಾಗ ಅಂಗಡಿಯಲ್ಲಿ ಕಲ್ಲಿಕೋಟೆಯ ಮಲಯಾಳ ಸ್ಟೇಷನ್ನು. ಸಂಜೆ ನೆರೆಮನೆಯ ಕಾಕ ದುಬಾಯಿಂದ ತಂದ ಟು-ಇನ್-ಒನ್ (ರೇಡಿಯೊ, ಟೇಪು ಎರಡೂ ಒಂದರಲ್ಲೇ). ಅವರು ಅದನ್ನು ಜಗಲಿಯ ದಂಡೆ ಮೇಲೆ ನಮ್ಮ ಮನೆಯ ಕಡೆಗೇ ಮುಖ ಮಾಡಿ ಇಡುತ್ತಿದ್ದರು, ನಮಗೂ ಕೇಳಲಿ ಅಂತ. ರಾತ್ರಿ ಗದ್ದೆಯ ಆಚೆಯಿಂದ ಚೆಂಡೆ.

ನನಗೆ ಅನಿಸುವುದು ಇಷ್ಟು. ನಾವು ಯಾವ ವರ್ಷ ಹುಟ್ಟಿದೆವು ಅನ್ನುವುದಕ್ಕಿಂತ, ಕಿವಿ ಹಸಿಯಾಗಿದ್ದ ಆ ಏಳೆಂಟು ವರ್ಷದಲ್ಲಿ ಹಾಡು ನಮ್ಮ ಅಂಗಳಕ್ಕೆ ಯಾವ ದಾರಿಯಲ್ಲಿ ಬಂತು ಅನ್ನುವುದೇ ನಮ್ಮ ರುಚಿಯನ್ನು ಜಾಸ್ತಿ ರೂಪಿಸುತ್ತದೆ. ನಿಮ್ಮದು ಹೇಗೆ? ವರ್ಷ, ಊರು, ದಾರಿ ಮೂರನ್ನೂ ಬರೆಯಿರಿ.

ಉಪ್ಪಳ ಪೇಟೆ

1979, ಉಪ್ಪಳ. ದಾರಿ: ಬಸ್ಸು. ತಲಪಾಡಿ ಗಡಿ ದಾಟಿ ಮಂಗಳೂರಿಗೆ ಕಾಲೇಜಿಗೆ ಹೋಗುತ್ತಿದ್ದೆ. ಹೋಗುವಾಗಿನ ಡ್ರೈವರ್ ಕನ್ನಡ ಹಾಕುತ್ತಿದ್ದರು, ಬರುವಾಗಿನ ಡ್ರೈವರ್ ಮಲಯಾಳ. ಇವತ್ತಿಗೂ ನನಗೆ ಬೆಳಗ್ಗಿನ ಹಾಡು ಕನ್ನಡ, ಸಂಜೆಯ ಹಾಡು ಮಲಯಾಳ.

ಮೊಗ್ರಾಲಿನವಳು

ನಿಮ್ಮ ನೆರೆಯ ಕಾಕ ಹಾಕುತ್ತಿದ್ದ ಮಾಪಿಳ್ಳೆ ಹಾಡಿನ ಊರಿನಿಂದ ಬರೆಯುತ್ತಿದ್ದೇನೆ. ನಮ್ಮ ಮೊಗ್ರಾಲನ್ನು "ಇಶಲ್ ಗ್ರಾಮ" ಅಂತಲೇ ಕರೆಯುತ್ತಾರೆ. ಇಶಲ್ ಅಂದರೆ ಮಾಪಿಳ್ಳೆ ಹಾಡಿನ ಧಾಟಿ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮೀಡಿಯಂ. ಹುಟ್ಟಿದ್ದು 1976.

ನೀವು ಹೇಳಿದ "ಕಿವಿ ಹಸಿಯಾಗಿದ್ದ ಕಾಲ" ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ಕಿವಿಗೆ ಬಿದ್ದ ಹಾಡು ಆ ಕಾಲದ್ದೇ ಆಗಿರಬೇಕಾಗಿಲ್ಲ. ನನ್ನ ಅಜ್ಜಿ ಮಾಪಿಳ್ಳೆ ಕವಿ ಮೋಯಿನ್‌ಕುಟ್ಟಿ ವೈದ್ಯರ ಹಾಡುಗಳನ್ನು ಬಾಯಿಪಾಠ ಹೇಳುತ್ತಿದ್ದರು. ವೈದ್ಯರು ಬದುಕಿದ್ದು 1852ರಿಂದ 1892ರವರೆಗೆ. ಅರಬಿ ಲಿಪಿಯಲ್ಲಿ ಬರೆದ ಮಲಯಾಳ ಅದು. ಅಜ್ಜಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲ, ಮಲಯಾಳದ ಅಕ್ಷರವೂ ಬರುತ್ತಿರಲಿಲ್ಲ. ಆದರೆ ಆ ಲಿಪಿಯ ಪುಸ್ತಕವನ್ನು ಚಿಮಿಣಿ ದೀಪದ ಹತ್ತಿರ ಹಿಡಿದುಕೊಂಡು ರಾಗವಾಗಿ ಓದುತ್ತಿದ್ದರು. ಮದುವೆ ಮನೆಯಲ್ಲಿ ಒಪ್ಪನೆಗೆ (ಮದುಮಗಳ ಸುತ್ತ ಹಾಡಿ ಕುಣಿಯುವುದು) ಚಪ್ಪಾಳೆ ಹಾಕುವಾಗ ನಾವು ಹುಡುಗಿಯರು ಆ ಧಾಟಿಯನ್ನೇ ಎತ್ತಿಕೊಳ್ಳುತ್ತಿದ್ದೆವು.

ನನ್ನ 13ನೇ ವಯಸ್ಸಿನ ಹಾಡು ಅಂದರೆ ನೂರು ವರ್ಷ ಹಳೆಯ ಹಾಡು. ಅದರ ಪಕ್ಕದಲ್ಲೇ ಶಾಲೆಯಲ್ಲಿ ಟೀಚರ್ ಕಲಿಸಿದ ಕನ್ನಡ ಭಾವಗೀತೆ. ಎರಡೂ ನನ್ನ ಕಾಲದವೇ. ಯಾವ ದಶಕದವಳು ನೀನು ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ ಕೊಡಲಿಕ್ಕೆ ನನಗೆ ಆಗುವುದಿಲ್ಲ.

ಪಯಸ್ವಿನಿ ದಡ

ನಾನು ಮನಃಶಾಸ್ತ್ರ ಪಾಠ ಮಾಡುವವಳು. ಇದರ ಬಗ್ಗೆ ಅಧ್ಯಯನಗಳೇ ಆಗಿವೆ. ಎರಡನ್ನು ಹೇಳುತ್ತೇನೆ, ಯಾಕಂದರೆ ಎರಡೂ ಮೇಲಿನ ಮಾತಿಗೆ ನೇರ ತಾಗುತ್ತವೆ.

ಮೊದಲನೆಯದು 1989ರದ್ದು, ಅಮೆರಿಕದ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಮಾಡಿದ್ದು. 108 ಜನರಿಗೆ 28 ಹಾಡುಗಳ ತುಣುಕು ಕೇಳಿಸಿದರು. ಹಾಡುಗಳು 1932ರಿಂದ 1986ರವರೆಗಿನವು. ಒಟ್ಟು ನೋಡಿದರೆ, ಹಾಡು ಜನಪ್ರಿಯವಾದಾಗ ಕೇಳುಗನಿಗೆ 23–24 ವಯಸ್ಸಾಗಿದ್ದರೆ ಆ ಹಾಡಿನ ಮೇಲೆ ಪ್ರೀತಿ ಎಲ್ಲಕ್ಕಿಂತ ಜಾಸ್ತಿ ಇತ್ತು. ನೀರ್ಚಾಲಿನವರ ಲೆಕ್ಕಕ್ಕಿಂತ ಸ್ವಲ್ಪ ಮುಂದೆ ಹೋಗುತ್ತದೆ ಇದು.

ಎರಡನೆಯದು 2013ರದ್ದು, ಕ್ರುಮ್‌ಹ್ಯಾನ್ಸಲ್ ಮತ್ತು ಝುಪ್ನಿಕ್ ಅವರದ್ದು. ನನಗೆ ತುಂಬ ಇಷ್ಟವಾದದ್ದು ಇದು. ಸುಮಾರು 20 ವಯಸ್ಸಿನವರಿಗೆ 1955ರಿಂದ 2009ರವರೆಗಿನ ಹಿಟ್ ಹಾಡುಗಳನ್ನು ಕೇಳಿಸಿದರು. ತಮ್ಮದೇ ಕಾಲದ ಹಾಡುಗಳ ಜತೆ ನೆನಪು ಗಟ್ಟಿಯಾಗಿ ಹೆಣೆದಿರುವುದು ಸಹಜ. ಆದರೆ 1980ರ ಆಸುಪಾಸಿನ ಹಾಡುಗಳ ಹತ್ತಿರ ಮತ್ತೊಂದು ಉಬ್ಬು ಕಾಣಿಸಿತು. ಅವರ ಅಪ್ಪ–ಅಮ್ಮ ಹರೆಯದಲ್ಲಿದ್ದ ಕಾಲ ಅದು. 1960ರ ದಶಕದಲ್ಲಿ ಇನ್ನೊಂದು. ಅದಕ್ಕೆ ಅಜ್ಜ–ಅಜ್ಜಿಯರ ಕೈವಾಡ ಇರಬಹುದು ಅಂದರು. ಮನೆಯಲ್ಲಿ ಕೇಳಿಸಿಕೊಂಡ ಹಾಡು ಇಳಿದು ಬರುತ್ತದೆ. ಮೊಗ್ರಾಲಿನ ಅಜ್ಜಿಯ ಹಾಗೆ.

ಆದರೆ ನಮ್ಮ ಊರಿಗೆ ಈ ಲೆಕ್ಕ ಹಚ್ಚುವಾಗ ಒಂದು ಎಚ್ಚರ ಬೇಕು. ಅಲ್ಲಿ ಹಾಡು ಹಿಟ್ ಆದ ವರ್ಷವೇ ಎಲ್ಲರೂ ಕೇಳುತ್ತಾರೆ ಅಂತ ಹಿಡಿದಿದ್ದಾರೆ. ನಮ್ಮಲ್ಲಿ ಹಾಗಿರಲಿಲ್ಲ. ನಾನು ಪಿ.ಬಿ. ಶ್ರೀನಿವಾಸರ 60ರ ದಶಕದ ಹಾಡುಗಳನ್ನು ಮೊದಲು ಕೇಳಿದ್ದು 1985ರಲ್ಲಿ, ಜಾತ್ರೆಯ ಕೋಳಾಂಬಿಯಲ್ಲಿ, ಅಂದರೆ ಅಗಲ ಬಾಯಿಯ ಲೌಡ್‌ಸ್ಪೀಕರಿನಲ್ಲಿ. ಮೈಕಿನವರ ಹತ್ತಿರ ಇದ್ದ ರೆಕಾರ್ಡುಗಳು ಅವೇ. ನನ್ನ ಕಿವಿಗೆ ಅವು 1985ರ ಹಾಡುಗಳು.

ಪೆರ್ಲದ ಅಜ್ಜ

ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ನಾನು 1944ರವನು.

ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಊರಿಗೆ ಒಂದು ಇತ್ತು, ಅಂಗಡಿಯಲ್ಲಿ. ಅದಕ್ಕೆ ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು. ನಾನು ಸಣ್ಣವನಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕೇಳುವ ಹಾಗೇ ಇರಲಿಲ್ಲ. 1952ರಲ್ಲಿ ಆಕಾಶವಾಣಿ ನೋಡಿಕೊಳ್ಳುವ ಕೇಂದ್ರ ಮಂತ್ರಿ ಆಗಿ ಬಂದ ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತವೇ ಜನರ ಕಿವಿಗೆ ಬೀಳಬೇಕು ಅಂತ ಅವರ ಆಸೆ. ಆದದ್ದು ಏನು? ದೇಶದ ಜನ ಡಯಲಿನ ಮುಳ್ಳನ್ನು ರೇಡಿಯೊ ಸಿಲೋನಿಗೆ ತಿರುಗಿಸಿದರು. ಅಂಗಡಿಯವರೂ ತಿರುಗಿಸಿದರು. ಸಿನಿಮಾ ಹಾಡು ಹಾಕುವ ಆಕಾಶವಾಣಿಯ ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರ್ 3ಕ್ಕೆ. ನನಗೆ ಆಗ 13.

ಆದರೆ ನನ್ನ ಕಿವಿಯನ್ನು ಮಾಡಿದ್ದು ಅದು ಯಾವುದೂ ಅಲ್ಲ, ಯಕ್ಷಗಾನ ಬಯಲಾಟ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆ ಇದು. ಕೊಯ್ಲು ಆದ ಗದ್ದೆಯಲ್ಲಿ ಚಪ್ಪರ, ಗ್ಯಾಸ್‌ಲೈಟು, ಮೈಕು ಇಲ್ಲ. ಭಾಗವತರ ಸ್ವರ ಸಭೆಯ ಕೊನೆಯವನಿಗೂ ಮುಟ್ಟಬೇಕು. ಅದಕ್ಕೆ ಎತ್ತರದ ಶ್ರುತಿ, ಅದಕ್ಕೆ ಆ ಗಟ್ಟಿ ಸ್ವರ. ಬಲಿಪ ನಾರಾಯಣ ಭಾಗವತರು 1938ರವರು, 2023ರಲ್ಲಿ ತೀರಿಕೊಂಡರು. ನನಗಿಂತ ಆರು ವರ್ಷ ದೊಡ್ಡವರು ಅಷ್ಟೇ. ಅವರ ಅಜ್ಜನೂ ಅದೇ ಹೆಸರಿನ ಭಾಗವತರು. ಮೈಕು ಬಂದು ಎಷ್ಟೋ ವರ್ಷ ಆದ ಮೇಲೂ ಬಲಿಪರ ಹಾಡಿನಲ್ಲಿ ಮೈಕು ಇಲ್ಲದ ಕಾಲದ ಗಟ್ಟಿತನ ಉಳಿದಿತ್ತು.

ಈಗ ಮೊಮ್ಮಗ ಕಿವಿಯೊಳಗೆ ಹಾಕಿಕೊಂಡು ಕೇಳುವ ಹಾಡಿನಲ್ಲಿ ಹಾಡುವವರು ಪಿಸುಗುಟ್ಟುತ್ತಾರೆ. ಅದು ಕೆಟ್ಟದು ಅಂತ ನಾನು ಹೇಳುವುದಿಲ್ಲ. ನನ್ನ ಕಿವಿ ಅದಕ್ಕೆ ತೆರೆಯುವುದಿಲ್ಲ. ನನಗೆ ಹಾಡು ಅಂದರೆ ದೂರದಿಂದ ಬರಬೇಕು. ಆಟಕ್ಕೆ ಹೋಗಲು ಬಿಡದ ದಿನ ಚಾಪೆಯಲ್ಲಿ ಮಲಗಿ ಕೇಳುತ್ತಿದ್ದೆ. ಗಾಳಿ ಈ ಕಡೆ ಬೀಸಿದರೆ ಪದ ಕೇಳುತ್ತಿತ್ತು, ಆ ಕಡೆ ತಿರುಗಿದರೆ ಚೆಂಡೆ ಮಾತ್ರ. ನಡುವಿನ ಪದವನ್ನು ನಾವೇ ತುಂಬಿಕೊಳ್ಳಬೇಕು. ಪತ್ತನಾಜೆಗೆ (ಮೇ ಕೊನೆಗೆ, ಆಟದ ಸೀಸನ್ ಮುಗಿಯುವ ದಿನ) ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಆ ಪದಗಳನ್ನು ನಾವು ಮಕ್ಕಳು ಹಟ್ಟಿಯಲ್ಲಿ ಹಾಡುತ್ತಿದ್ದೆವು.

1956ರಲ್ಲಿ ನಾವು ಕೇರಳಕ್ಕೆ ಸೇರಿದಾಗ ನನಗೆ 12. ಆಗ ಶಾಲೆಯಲ್ಲಿ ಹಾಡಿದ ಕನ್ನಡದ ಹಾಡುಗಳಿಗೆ ಬೇರೆಯೇ ತೂಕ ಇತ್ತು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕೈಯಾರ ಕಿಞ್ಞಣ್ಣ ರೈಗಳ ಪದ್ಯವನ್ನು ಮೇಷ್ಟ್ರು ಹೇಳಿಕೊಡುವಾಗ ಅವರ ಗಂಟಲು ಕಟ್ಟಿದ್ದನ್ನು ನಾನು ನೋಡಿದ್ದೇನೆ. ಆ ಪದ್ಯ ಇವತ್ತು ಕೇಳಿದರೂ ನನಗೆ ಕೂರಲಿಕ್ಕೆ ಆಗುವುದಿಲ್ಲ, ಎದ್ದು ನಿಲ್ಲುತ್ತೇನೆ.

ರೇಡಿಯೊ ರಿಪೇರಿ, ಕುಂಬಳೆ

ಅಜ್ಜನವರ "ಗಾಳಿ ಈ ಕಡೆ ಬೀಸಿದರೆ" ಓದಿ ಬರೆಯಲೇಬೇಕು ಅನಿಸಿತು. ರೇಡಿಯೊದಲ್ಲೂ ಹಾಗೆಯೇ ಉಂಟು, ಗಾಳಿಯ ಬದಲು ಸೂರ್ಯ.

ನಾನು 30 ವರ್ಷ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಅದರ ಮೀಡಿಯಂ ವೇವ್ ಟವರ್ ಇರುವುದು ಬ್ರಹ್ಮಾವರದಲ್ಲಿ, 1089 ಕಿಲೋಹರ್ಟ್ಸ್. ಕಲ್ಲಿಕೋಟೆ 684, ಅದು 1950ರಿಂದಲೇ ಉಂಟು. ಬೆಂಗಳೂರು 612. ಡಯಲಿನಲ್ಲಿ ಬೆಂಗಳೂರು ಮತ್ತು ಕಲ್ಲಿಕೋಟೆ ಅಕ್ಕಪಕ್ಕ, ಬೆರಳು ಒಂಚೂರು ಜಾರಿದರೆ ಭಾಷೆ ಬದಲಾಗುತ್ತಿತ್ತು. ನನ್ನ ಗಿರಾಕಿಗಳಲ್ಲಿ ಎಷ್ಟೋ ಮಂದಿ ಉಗುರಿನಿಂದ ಡಯಲಿನ ಗಾಜಿನ ಮೇಲೆ ಗೀರು ಹಾಕಿಟ್ಟಿದ್ದರು, ತಮ್ಮ ಸ್ಟೇಷನ್ ಎಲ್ಲಿ ಅಂತ. ರಿಪೇರಿಗೆ ಬಂದ ಸೆಟ್ಟಿನ ಗೀರು ನೋಡಿಯೇ ಆ ಮನೆಯವರು ಏನು ಕೇಳುತ್ತಾರೆ ಅಂತ ಹೇಳಬಹುದಿತ್ತು.

ಹಗಲಲ್ಲಿ ಆಕಾಶದ ಕೆಳಗಿನ ಒಂದು ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಹಾಗಾಗಿ ನೆಲ ಹಿಡಿದು ಬರುವ ಹತ್ತಿರದ ಸ್ಟೇಷನ್ ಮಾತ್ರ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಅದಕ್ಕೇ ರಾತ್ರಿ ತಮಿಳು ಬರುತ್ತಿತ್ತು, ತೆಲುಗು ಬರುತ್ತಿತ್ತು, ಸಿಲೋನೂ ಬರುತ್ತಿತ್ತು. ಎಸ್ಸೆಸ್ಸೆಲ್ಸಿಗೆ ರಾತ್ರಿ ನಿದ್ದೆಗೆಟ್ಟು ಓದಿದ ಹುಡುಗರು ಇದ್ದಾರಲ್ಲ, ಅವರಿಗೆ ಐದು ಭಾಷೆಯ ಹಾಡು ಬರುತ್ತದೆ. ಬೇಗ ಮಲಗಿದವರಿಗೆ ಎರಡೇ. ಇದು ನಾನು ಕಣ್ಣಾರೆ ಕಂಡದ್ದು.

ಎಫ್‌ಎಂ ಬಂದ ಮೇಲೆ ಸ್ವರ ಚೊಕ್ಕ ಆಯಿತು. ಆದರೆ ಆ ಅಲೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಗುಡ್ಡದ ಮೇಲಿನ ಮನೆಗೆ ಮಂಗಳೂರು ಸಿಗುತ್ತದೆ, ಕೆಳಗೆ ತೋಟದ ಮನೆಗೆ ಬರೇ ಬುಸ್ ಶಬ್ದ. ಒಂದೇ ಕುಟುಂಬದ ಅಣ್ಣ ಮೇಲೆ, ತಮ್ಮ ಕೆಳಗೆ. ಅವರ ಮಕ್ಕಳ ಹಾಡು ಬೇರೆ ಬೇರೆ.

ನೀರ್ಚಾಲಿನವ

ಡಯಲಿನ ಗೀರು! ನಮ್ಮ ಮನೆಯ ಸೆಟ್ಟಿನಲ್ಲಿ ಎರಡು ಇದ್ದವು. ಒಂದು ಅಪ್ಪನದು, ವಾರ್ತೆಗೆ. ಇನ್ನೊಂದು ಅಕ್ಕನದು.

ಒಂದು ವಿಷಯ ಈಗ ನೆನಪಾಯಿತು. ಎಸ್. ಜಾನಕಿ ಅವರು ಕಾಸರಗೋಡಿನವರೇ ಅಂತ ನಾನು ಸಣ್ಣವನಿದ್ದಾಗ ಗಟ್ಟಿಯಾಗಿ ನಂಬಿದ್ದೆ. ಬೆಳಿಗ್ಗೆ ಮಂಗಳೂರಿನಿಂದ ಕನ್ನಡದಲ್ಲಿ ಹಾಡುತ್ತಿದ್ದರು, ಮಧ್ಯಾಹ್ನ ಕಲ್ಲಿಕೋಟೆಯಿಂದ ಮಲಯಾಳದಲ್ಲಿ. ಎರಡೂ ಭಾಷೆ ಅಷ್ಟು ಚೆನ್ನಾಗಿ ಬರಬೇಕಾದರೆ ನಮ್ಮ ಊರಿನವರಲ್ಲದೆ ಮತ್ತೆ ಯಾರು? ಅವರು ಆಂಧ್ರದ ಗುಂಟೂರು ಜಿಲ್ಲೆಯವರು ಅಂತ ಗೊತ್ತಾದಾಗ ನನಗೆ ಕಾಲೇಜಿನ ವಯಸ್ಸು. ಬೇಜಾರೇ ಆಗಿತ್ತು.

ಮುಳ್ಳೇರಿಯ

ಎಲ್ಲರೂ ಹದಿಹರೆಯಕ್ಕೇ ಮುದ್ರೆ ಒತ್ತುತ್ತಿದ್ದೀರಿ. ನಾನು ಒಪ್ಪುವುದಿಲ್ಲ, ಕ್ಷಮಿಸಿ.

1968ರವನು ನಾನು. ಹದಿಹರೆಯದಲ್ಲಿ ರೇಡಿಯೊದಲ್ಲಿ ಶಾಸ್ತ್ರೀಯ ಸಂಗೀತ ಶುರುವಾದರೆ ಎದ್ದು ಹೋಗಿ ಆರಿಸುತ್ತಿದ್ದೆ. 38ನೇ ವಯಸ್ಸಿನಲ್ಲಿ ಮಗಳನ್ನು ಸಂಗೀತ ಕ್ಲಾಸಿಗೆ ಸೇರಿಸಿದೆವು. ವಾರಕ್ಕೆ ಎರಡು ದಿನ ಬೈಕಿನಲ್ಲಿ ಬಿಟ್ಟು, ಕ್ಲಾಸು ಮುಗಿಯುವವರೆಗೆ ಹೊರಗೆ ಜಗಲಿಯಲ್ಲಿ ಕೂರುತ್ತಿದ್ದೆ. ಮೊದಲ ವರ್ಷ ಪೇಪರ್ ಓದಿದೆ. ಎರಡನೇ ವರ್ಷ ಪೇಪರ್ ತೊಡೆಯ ಮೇಲಿತ್ತು, ಕಿವಿ ಒಳಗಿತ್ತು. ಒಂದು ದಿನ ಒಳಗೆ ಮೋಹನ ರಾಗ ಹೇಳಿಕೊಡುತ್ತಿದ್ದರು. ಐದೇ ಸ್ವರ. ಮಗಳು ತಪ್ಪುತ್ತಿದ್ದಳು, ಗುರುಗಳು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಏಳೆಂಟು ಸಲ ಆದ ಮೇಲೆ ನನಗೆ ಥಟ್ಟಂತ ಗೊತ್ತಾಯಿತು, ಇದು ನಾನು ಅಡಿಕೆ ಹೆಕ್ಕುವಾಗ ಗುನುಗುವ ಸಿನಿಮಾ ಹಾಡಿನ ಮೈ ಅಂತ. ಮೈಯೆಲ್ಲ ಜುಮ್ಮಂತು.

ಈಗ ಪ್ರತಿ ವರ್ಷ ಕಚೇರಿ ಕೇಳಲು ಊರೂರು ತಿರುಗುತ್ತೇನೆ. ಹದಿಹರೆಯದ ಹಾಡು ಬೇಡ ಅಂತಲ್ಲ. ಅದು ನೆನಪು. ರುಚಿ ಬೇರೆ. ನೆನಪು ತಾನಾಗಿ ಬಂದು ಕೂರುತ್ತದೆ. ರುಚಿಯನ್ನು ಜಗಲಿಯಲ್ಲಿ ಕೂತು ಕಾಯಬೇಕು.

ಪಯಸ್ವಿನಿ ದಡ

ಮುಳ್ಳೇರಿಯದವರೇ, ನೀವು ಹೇಳಿದ ವ್ಯತ್ಯಾಸ ಸರಿಯಾಗಿಯೇ ಉಂಟು. ಆ ಅಧ್ಯಯನಗಳಲ್ಲಿ ಒಂದು ಇಷ್ಟದ ಬಗ್ಗೆ, ಇನ್ನೊಂದು ಹೆಚ್ಚಾಗಿ ನೆನಪಿನ ಬಗ್ಗೆ. ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಆದರೆ ನಿಮ್ಮ ಕಥೆಯಲ್ಲೇ ನೋಡಿ. ಮೋಹನಕ್ಕೆ ನೀವು ಒಳಗೆ ಹೋದದ್ದು ಯಾವ ಬಾಗಿಲಿನಿಂದ? ಹದಿಹರೆಯದ ಆ ಸಿನಿಮಾ ಹಾಡಿನಿಂದಲೇ ಅಲ್ವಾ?

ಮುಳ್ಳೇರಿಯ

ಅದು ಹೌದು. ಅದನ್ನು ಯೋಚಿಸಿರಲಿಲ್ಲ. ಆದರೂ, ಬಾಗಿಲು ಇದ್ದರೆ ಸಾಕಾಗುವುದಿಲ್ಲ. ನಾಲ್ಕು ವರ್ಷ ಕೂರದಿದ್ದರೆ ನಾನು ಇವತ್ತಿಗೂ ಹೊರಗೇ ಇರುತ್ತಿದ್ದೆ.

ಮಂಜೇಶ್ವರ 2001

ಇಲ್ಲಿ ಎಲ್ಲರೂ ದೊಡ್ಡವರು. ನಾನು 2001ರವಳು. ಈಗಿನ ಮಕ್ಕಳಿಗೆ ಎಲ್ಲ ಹಾಡೂ ಕೈಯಲ್ಲೇ ಉಂಟು, ಹಾಗಾಗಿ ಯಾವುದೂ ಅಂಟುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ನನಗೆ ಅದು ನೋವಾಗುತ್ತದೆ. ನಮಗೂ ಅಂಟುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ನನಗೆ 15. ಅದಕ್ಕೆ ಮೊದಲು ಅಣ್ಣನ ಮೆಮೊರಿ ಕಾರ್ಡಿನಲ್ಲಿದ್ದ ಹಾಡುಗಳೇ ನನ್ನ ಹಾಡುಗಳು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ಅಂಗಡಿಯವರು ಏನು ತುಂಬಿಸಿದರೋ ಅದು. ಜಿಯೋ ಬಂದ ವಾರ ನಾನು ನಿದ್ದೆಯೇ ಮಾಡಲಿಲ್ಲ. ತಮಿಳು, ಮಲಯಾಳ, ತುಳು, ಕೊರಿಯನ್, ಎಲ್ಲ ಕೇಳಿದೆ. ಆ ವರ್ಷ ನನ್ನ ಕಿವಿ ಒಡೆದು ದೊಡ್ಡದಾಯಿತು. ನಿಮಗೆ ರಾತ್ರಿಯ ಮೀಡಿಯಂ ವೇವ್ ಹೇಗೋ, ನನಗೆ ಅದು ಹಾಗೆ.

ಆದರೆ ಇಯರ್‌ಫೋನಿನ ಬಗ್ಗೆ ಒಂದು ಮಾತು ನಿಜ. ನಾನು ಏನು ಕೇಳುತ್ತೇನೆ ಅಂತ ನನ್ನ ಅಮ್ಮನಿಗೆ ಗೊತ್ತಿಲ್ಲ. ಅಮ್ಮ ಏನು ಕೇಳುತ್ತಿದ್ದರು ಅಂತ ನನಗೆ ಪೂರ್ತಿ ಗೊತ್ತು, ಯಾಕಂದರೆ ಅವರು ಅಡುಗೆಮನೆಯಲ್ಲಿ ಗಟ್ಟಿಯಾಗಿ ಹಾಡುತ್ತಾರೆ. ಮೇಲೆ ಟೀಚರ್ ಹೇಳಿದ 2013ರ ಅಧ್ಯಯನ ಓದಿ ನನ್ನದೇ ಪ್ಲೇಲಿಸ್ಟ್ ತೆಗೆದು ನೋಡಿದೆ. ನಡುನಡುವೆ ರಾಜ್‌ಕುಮಾರ್ ಹಾಡಿದ ಹಾಡುಗಳು. ನಾನು ಹುಟ್ಟುವ ಮೊದಲಿನವು. ನಾನೇ ಹಾಕಿಕೊಂಡದ್ದು, ಯಾರೂ ಹೇಳಿಲ್ಲ. ಹಾಸ್ಟೆಲಿನಲ್ಲಿದ್ದಾಗ ಜ್ವರ ಬಂದ ದಿನ ನಾನು ಕೇಳುವುದು ಅವನ್ನೇ. ನಿನ್ನೆ ಅಮ್ಮನ ಜತೆ ಕೂತು ಇಯರ್‌ಫೋನ್ ಇಲ್ಲದೆ ನನ್ನ ಹಾಡು ಹಾಕಿದೆ. ಎರಡು ಹಾಡು ಆದ ಮೇಲೆ, "ಇದನ್ನು ಇನ್ನೊಮ್ಮೆ ಹಾಕು" ಅಂದರು.

ಮೊಗ್ರಾಲಿನವಳು

ಮಗಳೇ, ಹಾಕುತ್ತಾ ಇರು. ನನ್ನ ಅಜ್ಜಿ ಮನಸ್ಸಿನಲ್ಲೇ ಓದಿಕೊಂಡಿದ್ದರೆ ನನಗೆ ಒಂದು ಸಾಲೂ ಬರುತ್ತಿರಲಿಲ್ಲ.

ನೀರ್ಚಾಲಿನವ

ನಿನ್ನೆ ಭಾನುವಾರ ಮಗಳೂ ನಾನೂ ಕೂತು ಒಂದು ಕ್ಯಾಸೆಟ್ ಬಿಚ್ಚಿದೆವು. ಐದು ಸಣ್ಣ ಸ್ಕ್ರೂ. ಹತ್ತಿಯಿಂದ ಮೆಲ್ಲ ಬೂಷ್ಟು ಒರೆಸಿದೆವು. ಟೇಪು ಒಂದು ಕಡೆ ಮಡಚಿತ್ತು, ಅವಳ ಉಗುರು ಚಿಕ್ಕದು, ಅವಳೇ ಬಿಡಿಸಿದಳು. ಪೆನ್ಸಿಲ್ ತೂರಿಸಿ ಸುತ್ತಿದೆವು. ಮೇಲೆ ನನ್ನದೇ ಕೈಬರಹ: "ಜುಲೈ 86, ಮಂಗಳೂರು". ಟು-ಇನ್-ಒನ್ನಲ್ಲಿ ಹಾಡು ನೇರ ರೆಕಾರ್ಡ್ ಆಗುತ್ತದೆ. ಆದರೆ ನಮ್ಮದು ರೇಡಿಯೊ ಬೇರೆ, ಟೇಪು ಬೇರೆ. ರೇಡಿಯೊದ ಎದುರು ಟೇಪ್‌ರೆಕಾರ್ಡರ್ ಇಟ್ಟು, ಎಲ್ಲರೂ ಸುಮ್ಮನಿರಿ ಅಂತ ಹೇಳಿ, ಅದರ ಸಣ್ಣ ಮೈಕಿನಿಂದ ಹಿಡಿದದ್ದು.

ಹಾಡು ಬಂತು. ಮಂಕಾಗಿ, ನೀರಿನೊಳಗಿಂದ ಬಂದ ಹಾಗೆ. ಆದರೆ ಹಾಡಿನ ಹಿಂದೆ ಹೆಂಚಿನ ಮೇಲೆ ಮಳೆ ಸುರಿಯುವ ಶಬ್ದ ಇತ್ತು. ಅದರ ನಡುವೆ ಟಕ್, ಟಕ್ ಅಂತ ಒಂದು ಸಣ್ಣ ಶಬ್ದ. ಮಗಳು "ಇದು ತಾಳವಾ?" ಅಂತ ಕೇಳಿದಳು. ಅಲ್ಲ, ಅದು ಅಡಿಕೆ ಸುಲಿಯುವ ಶಬ್ದ. ಚಾವಡಿಯಲ್ಲಿ ನಾಲ್ಕೈದು ಜನ ಕೂತು ಸುಲಿಯುತ್ತಿದ್ದರು. ಸುಮ್ಮನಿರಿ ಅಂದರೆ ಮಾತು ನಿಲ್ಲಿಸಿದ್ದಾರೆ, ಕೈ ನಿಲ್ಲಿಸಿಲ್ಲ. ಇಷ್ಟು ವರ್ಷ ನಾನು ಆ ಹಾಡನ್ನು ಫೋನಿನಲ್ಲಿ ಚೊಕ್ಕವಾಗಿ ಕೇಳುವಾಗ ಏನೋ ಕಮ್ಮಿ ಅನಿಸುತ್ತಿತ್ತು. ಈಗ ಗೊತ್ತಾಯಿತು, ಏನು ಕಮ್ಮಿ ಅಂತ.

ಮಗಳು ಅದನ್ನು ಫೋನಿಗೆ ಹಾಕಿಕೊಂಡಿದ್ದಾಳೆ. ರಾತ್ರಿ ಓದುವಾಗ ಕೇಳುತ್ತಾಳಂತೆ, ಮಳೆಗೂ ಆ ಟಕ್ ಟಕ್‌ಗೂ.

ಕುಂಬಳೆಯವರೇ, ಒಂದು ಸಹಾಯ ಬೇಕು. ಬಿ ಸೈಡಿನಲ್ಲಿ ಸ್ವರ ತೀರಾ ಕಮ್ಮಿ. ಏನು ಮಾಡಬಹುದು?

ರೇಡಿಯೊ ರಿಪೇರಿ, ಕುಂಬಳೆ

ಕ್ಯಾಸೆಟ್ಟಿನ ಬಾಯಿಯ ನಡುವೆ, ಟೇಪಿನ ಹಿಂದೆ, ಒಂದು ಸಣ್ಣ ಬಟ್ಟೆಯ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದು. ಹಳೆಯ ಅಂಟು ಬಿಟ್ಟು ಓರೆಯಾಗಿರಬಹುದು. ಹೆಡ್ಡನ್ನೂ ಸ್ಪಿರಿಟ್ ಹಾಕಿ ಒರೆಸಬೇಕು, ಬೂಷ್ಟು ಅಲ್ಲಿಗೂ ಹತ್ತಿರುತ್ತದೆ. ಅಂಗಡಿ ಮುಚ್ಚಿ ವರ್ಷವಾಯಿತು, ಆದರೆ ಡಬ್ಬಿಯಲ್ಲಿ ಅಂಥ ತುಂಡುಗಳು ಇನ್ನೂ ಹತ್ತಿಪ್ಪತ್ತು ಉಂಟು. 43 ಕ್ಯಾಸೆಟ್ಟನ್ನೂ ತನ್ನಿ. ಮಗಳನ್ನೂ ಕರೆದುಕೊಂಡು ಬನ್ನಿ, ಬಿಚ್ಚಲಿಕ್ಕೆ ಸಣ್ಣ ಉಗುರು ಬೇಕಾಗುತ್ತದೆ.